ಮಲೆನಾಡಿಗೆ ಬಂದ ಹೊರನಾಡ ವೈದ್ಯರು

ಹೊರನಾಡಿನಿಂದ ಬಂದ ವೈದ್ಯನಿಗೆ ರೋಗಿಗಳ ಆಚಾರವಿಚಾರಗಳನ್ನು ಪರಿಚಯಿಸುವ ಶಿಕ್ಷಣವು ಇಂದು ವೈದ್ಯಶಾಸ್ತ್ರದ ಒಂದು ಶಾಖೆಯೆನಿಸಿಕೊಂಡಿದ್ದರೂ, ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮಟ್ಟಿಗೆ ಅದನ್ನು ನಡೆಸಿಕೊಂಡು ಬಂದವರು ಪ್ರಾಧ್ಯಾಪಕರಲ್ಲ. ಆಸ್ಪತ್ರೆಯ ಕಂಪೌಂಡರು, ದಾದಿಯರು, ಈಚೆಗೆ ಆಶಾ ಕಾರ್ಯಕರ್ತೆಯರು.

1957ರಲ್ಲಿ ಸಾಗರದ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಸುತ್ತಲಿನ ಜನರೂ ಜ್ವರದಿಂದ ಹಾಸಿಗೆ ಹಿಡಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದ ಅಮೆರಿಕದ ಟೆಲ್‌ಫರ್ಡ್ ವರ್ಕ್ ಮತ್ತವರ ಸಂಗಡಿಗರು ಶೋಧನೆಗೆ ತೊಡಗಿದರು. ಮಂಗನ ಕಾಯಿಲೆಯೆಂದು ಹೆಸರಾದ ಈ ರೋಗಕ್ಕೆ ಕಾರಣವಾದ, ಉಣುಗಿನ ಕಡಿತದಿಂದ ಹರಡುವ ಹೊಸ ವಿಷಾಣುವೊಂದನ್ನು ಅವರು ಗುರುತಿಸಿದುದು ವೈದ್ಯಚರಿತ್ರೆಯ ಉಜ್ಜ್ವಲ ಪ್ರಕರಣವೇ ಸರಿ. ಆದರೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ಇವೆಲ್ಲವನ್ನೂ ಕಾಡಿನಿಂದಲೇ, ಅದೂ ರೋಗವು ಪ್ರಬಲಿಸುವ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿಯೇ ಹೊತ್ತು ತರಬೇಕಾದ ಕುಟುಂಬಕ್ಕೆ 'ಕಾಡಿಗೆ ಹೋಗಬೇಡಿ' ಎಂಬ ಹಿತೋಪದೇಶವು ಊಟ ಬಿಡಿರೆಂಬುದಕ್ಕಿಂತ ಹೆಚ್ಚು ಪ್ರಯೋಜನಕಾರಿಯಲ್ಲವೆಂಬುದು ಪ್ರಯೋಗಶಾಲೆಯಲ್ಲಿ ಕಾಣುವ ಸಂಗತಿಯಲ್ಲ.

ರೋಗಿಯ ಬದುಕನ್ನು ವೈದ್ಯನು ಅರಿಯಬೇಕೆಂಬ ಈ ವಿಚಾರ ಹೊರಜಗತ್ತಿನಲ್ಲಿ ಶಾಸ್ತ್ರರೂಪವನ್ನು ತಾಳಿದುದು ತಡವಾಗಿ. ತನಗೆ ಏನಾಗಿದೆ, ಏಕೆ ಆಯಿತು, ಯಾವುದರ ಭಯವಿದೆಯೆಂಬುದನ್ನು ರೋಗಿಯಿಂದಲೇ ಕೇಳಿ ತಿಳಿಯಬೇಕೆಂದು ಆರ್ಥರ್ ಕ್ಲೈನ್‌ಮನ್ ಮೊದಲಾದವರು 1978ರಲ್ಲಿ ಪ್ರತಿಪಾದಿಸಿದರು. 1987ರಲ್ಲಿ ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞನು ನಮ್ಮ ಮಂಗನ ಕಾಯಿಲೆಯನ್ನೇ ಅಭಿವೃದ್ಧಿಯಿಂದ ಹುಟ್ಟಿದ ವ್ಯಾಧಿಯೆಂದು ಪರಿಶೀಲಿಸಿದನು. ಪರಸಂಸ್ಕೃತಿಯ ಜ್ಞಾನವನ್ನು ಪಟ್ಟಿಮಾಡಿ ಉರುಹೊಡೆಯುವುದಕ್ಕಿಂತ ವೈದ್ಯನ ವಿನಯವೇ ಮುಖ್ಯವೆಂದು 1998ರಲ್ಲಿ ಅಮೆರಿಕದ ಟರ್ವಲಾನ್ ಮತ್ತು ಮರ್ರೆ-ಗಾರ್ಸಿಯಾ ವಾದಿಸಿದರು. ನನಗೂ ಇದೇ ಸಮ್ಮತ. ಭಾರತದ ಎಂಬಿಬಿಎಸ್ ಪಠ್ಯಕ್ರಮದಲ್ಲಿ 2019ರಿಂದ ಆರಂಭಿಕ ಶಿಕ್ಷಣದೊಳಗೆ ಸ್ಥಳೀಯ ಭಾಷೆಯೂ ಸೇರಿತು. ಪದವಿಯ ಹೊಸ್ತಿಲಿನಲ್ಲಿ ಕಲಿತ ನಾಲ್ಕು ಮಾತು ವರ್ಷಗಳ ತರುವಾಯ ನಡುಗಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಉಳಿದೀತೆಂಬುದು ಬೇರೆ ಮಾತು!

ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಗೆ ಮಂಗನ ಕಾಯಿಲೆ ಉಲ್ಬಣಿಸಿದಾಗ ರೋಗಿಯನ್ನು ಕೇಳಿ ತಿಳಿಯುವವರ ಕೊರತೆ ಎದ್ದು ಕಂಡಿತು. ತಿಂಗಳ ಅಂತರದಲ್ಲಿ ಎರಡು ಸಲ, ಮುಂದೆ ಮತ್ತೂ ಮತ್ತೂ ಚುಚ್ಚಿಸಿಕೊಳ್ಳಬೇಕಾಗಿದ್ದ, ತೋಳು ನೋಯಿಸುತ್ತಿದ್ದ ಆಗಿನ ಲಸಿಕೆಗೆ ಹಿಂಜರಿದವರನ್ನು ಅಜ್ಞಾನಿಗಳೆನ್ನುವುದು ಸುಲಭ. ಕೂಲಿಯ ದಿನದಲ್ಲಿ ತೋಳು ಎತ್ತಲಾಗದಿದ್ದರೆ ಮನೆಯ ಗತಿಯೇನೆಂದು ಕೇಳುವವರು ಬೇಕಾಗಿತ್ತು. ಇನ್ನೊಂದು ಚಿಕ್ಕ ಸಂಗತಿ. ಮಲೆನಾಡಿನ ರೋಗಿ ಚೀಟಿ ಕೈಗೆ ಬಂದೊಡನೆ 'ಪಥ್ಯ ಏನು ಡಾಕ್ಟ್ರೇ?' ಎನ್ನುತ್ತಾನೆ. 'ಏನು ಬೇಕಾದರೂ ತಿನ್ನಿ' ಎಂಬ ಹೊರನಾಡ ವೈದ್ಯನ ಉದಾರವಾದ ಉತ್ತರದಿಂದ ಔಷಧದ ಮೇಲಿನ ಅರ್ಧ ನಂಬಿಕೆ ಅಲ್ಲಿಯೇ ಕರಗುತ್ತದೆ. ಆಗ ಹೊರಗಿನ ಬೆಂಚಿನ ಬಳಿ ಆಶಾ ಕಾರ್ಯಕರ್ತೆಯು, 'ಎಂಟು ದಿನ ಗಂಜಿ ಉಣ್ಣಿ, ಮಾತ್ರೆ ತಪ್ಪಿಸಬೇಡಿ' ಎಂದು ಹೇಳಿ ಕಳುಹಿಸುತ್ತಾಳೆ. ಸರಕಾರವು ವೈದ್ಯರಿಗಾಗಿ ಮುಂದೆ ಏರ್ಪಡಿಸುವ ತರಬೇತಿಗಳಲ್ಲಿ ಆಕೆಯನ್ನು ವೇದಿಕೆಯ ಮೇಲೆ ಕೂರಿಸಿ, ಉಪನ್ಯಾಸಕರಿಗೆ ಸಲ್ಲುವ ಗೌರವಧನವನ್ನೇ ಆಕೆಗೂ ಕೊಡತಕ್ಕದ್ದು.