ಗುಣಿಸಬೇಕಾ, ಭಾಗಿಸಬೇಕಾ? ಹಾಲಿ ಸಿಕ್ಕಾದಿಂದ ದಿರ್ಹಮ್‌ವರೆಗೆ ಒಂದು ಲೆಕ್ಕ

ಇವತ್ತಿನ ಎಪಿಸೋಡ್ ಶುರು ಆಗೋದು ನಮ್ಮ ಕಮಲನಗರದ ಒಂದು ತರಗತಿಯಿಂದ.

ನಾನು ಬಿ.ಕಾಂ ಓದಿದವನು ಅಂತ ಗೊತ್ತಿದ್ದ ಒಬ್ಬ ಮೇಷ್ಟ್ರು, ಎಂಟನೇ ತರಗತಿ ಮಕ್ಕಳಿಗೆ ಒಂದು ಗಂಟೆ ಏನಾದ್ರೂ ಹೇಳ್ಕೊಡಿ ಅಂದ್ರು. ನಾನು ಬೋರ್ಡ್ ಮೇಲೆ ಬರೆದೆ: 1 ದಿರ್ಹಮ್ = 25 ರೂಪಾಯಿ. ನಿಜವಾದ ರೇಟು ದಿನಾ ಬದಲಾಗುತ್ತೆ, ಇದು ಲೆಕ್ಕಕ್ಕಷ್ಟೇ. ಆಮೇಲೆ ಕೇಳಿದೆ, "ದುಬೈನಲ್ಲಿರೋ ಅಣ್ಣನಿಗೆ ಊರಿಂದ 5,000 ರೂಪಾಯಿ ಕಳಿಸಿದ್ರೆ ಎಷ್ಟು ದಿರ್ಹಮ್?" ಅರ್ಧ ಕ್ಲಾಸು 1,25,000 ಅಂತು! ಗುಣಾಕಾರದಲ್ಲಿ ಒಂದು ತಪ್ಪೂ ಇಲ್ಲ. ಆದರೆ ಉತ್ತರ 200. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಯಾವಾಗ ಗುಣಿಸಬೇಕು, ಯಾವಾಗ ಭಾಗಿಸಬೇಕು, ಅದನ್ನ ಯಾರೂ ಹೇಳಂಗಿಲ್ಲಲ್ರಿ?"

ಆ ಪ್ರಶ್ನೆ ನನ್ನ ತಲೇಲಿ ಕೂತುಬಿಡ್ತು. ಯಾಕಂದ್ರೆ ಇದೇ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಮ್ಮ ಮನೆಯವರೇ ಒಮ್ಮೆ ನೂರು ರೂಪಾಯಿ ಕಳ್ಕೊಂಡಿದ್ರು. ಆ ಕಥೆಗೆ ಬರ್ತೀನಿ. ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ.

1948ರ ಸೆಪ್ಟೆಂಬರ್ 17ರವರೆಗೆ ಬೀದರ್ ಜಿಲ್ಲೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಇವತ್ತು ನಮಗೆ ಮಹಾರಾಷ್ಟ್ರದ ಗಡಿಯಾಚೆ ಇರೋ ಉದಗೀರ್ ಆಗ ನಮ್ಮದೇ ಜಿಲ್ಲೆಯ ತಾಲೂಕು. ಆ ಸಂಸ್ಥಾನಕ್ಕೆ ತನ್ನದೇ ನಾಣ್ಯ ಇತ್ತು. ಹೆಸರು ಉಸ್ಮಾನಿಯಾ ಸಿಕ್ಕಾ, ಜನರ ಬಾಯಲ್ಲಿ ಹಾಲಿ ಸಿಕ್ಕಾ. 'ಹಾಲಿ' ಅಂದ್ರೆ ಈಗ ಚಲಾವಣೆಯಲ್ಲಿರೋದು. ಹಾಲಿ ಶಾಸಕರು, ಮಾಜಿ ಶಾಸಕರು ಅಂತೀವಲ್ಲ, ಅದೇ ಹಾಲಿ. ಬೆಳ್ಳಿ ರೂಪಾಯಿ ಮೇಲೆ ಚಾರ್‌ಮಿನಾರ್ ಚಿತ್ರ. 1918ರಲ್ಲಿ ಕಾನೂನು ಮಾಡಿ ಕಾಗದದ ನೋಟನ್ನೂ ತಂದರು. ಮೊದಲ ಮಹಾಯುದ್ಧದ ಸಮಯ, ಬೆಳ್ಳಿಗೆ ಬರ ಬಂದಿತ್ತು. ಆ ನೋಟಿನಲ್ಲಿ ಉರ್ದುವಿನ ಜೊತೆ ಕನ್ನಡದಲ್ಲೂ ಮೌಲ್ಯ ಬರೆದಿರ್ತಿತ್ತು.

ಆದರೆ ಸೊಲ್ಲಾಪುರಕ್ಕೆ ಹೋದ್ರೆ? ಅದು ಬ್ರಿಟಿಷ್ ಇಂಡಿಯಾ. ಅಲ್ಲಿ ನಡೀತಿದ್ದ ರೂಪಾಯಿಗೆ ನಮ್ಮ ಕಡೆ ಹೆಸರು ಕಲ್ದಾರ್. 'ಕಲ್' ಅಂದ್ರೆ ಯಂತ್ರ, ಯಂತ್ರದಲ್ಲಿ ಅಚ್ಚಾದ ರೂಪಾಯಿ. ಸೊಲ್ಲಾಪುರದ ಮಿಲ್ಲಿನಲ್ಲಿ ದುಡಿದವನ ಕೂಲಿ ಕಲ್ದಾರ್‌ನಲ್ಲಿ, ಊರಿನ ಸಂತೆಯ ಜೋಳದ ಬೆಲೆ ಹಾಲಿಯಲ್ಲಿ. ಅಂದ್ರೆ ಇವತ್ತಿನ ಗಲ್ಫ್ ಕಥೆ ಆಗ ನೂರು ಚಿಲ್ಲರೆ ಮೈಲಿ ದೂರದಲ್ಲೇ ನಡೀತಿತ್ತು!

ರೇಟು ಏನಿತ್ತು? 7 ಹಾಲಿಗೆ 6 ಕಲ್ದಾರ್. ಯಾಕೆ 7ಕ್ಕೆ 6? ನಾನು ಕೂತು ಲೆಕ್ಕ ಹಾಕಿದೆ. ಬ್ರಿಟಿಷ್ ಬೆಳ್ಳಿ ರೂಪಾಯಿಯ ತೂಕ ಸುಮಾರು 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 91.7%. ಅಂದ್ರೆ 10.7 ಗ್ರಾಂ ಹತ್ತಿರ. ಹಾಲಿ ರೂಪಾಯಿ ಸುಮಾರು 11.18 ಗ್ರಾಂ, ಶುದ್ಧ ಬೆಳ್ಳಿ ಸುಮಾರು 81.8%. ಅಂದ್ರೆ 9.1 ಗ್ರಾಂ ಹತ್ತಿರ. ಎರಡನ್ನೂ ಭಾಗಿಸಿ ನೋಡಿ, 1.17 ಬರುತ್ತೆ. 7ನ್ನ 6ರಿಂದ ಭಾಗಿಸಿದ್ರೂ 1.17! ರೇಟು ಆಕಾಶದಿಂದ ಬಿದ್ದದ್ದಲ್ಲ, ನಾಣ್ಯದ ಒಳಗೇ ಇತ್ತು.

ಈಗ ಆಗಿನ ಶಾಲೆಯ ಹುಡುಗನ ಜಾಗದಲ್ಲಿ ನಿಮ್ಮನ್ನ ಇಟ್ಕೊಳ್ಳಿ. 100 ಕಲ್ದಾರ್‌ಗೆ ಎಷ್ಟು ಹಾಲಿ? ದಶಮಾಂಶ ಇಲ್ಲ, ಕ್ಯಾಲ್ಕುಲೇಟರ್ ಇಲ್ಲ. 1 ರೂಪಾಯಿಗೆ 16 ಆಣೆ, 1 ಆಣೆಗೆ 12 ಪೈ. ಆರನೇ ಒಂದು ಭಾಗ ಸೇರಿಸಬೇಕು. 100ನ್ನ 6ರಿಂದ ಭಾಗಿಸಿದ್ರೆ 16 ರೂಪಾಯಿ, ಉಳಿದದ್ದು 4. ಆ 4 ರೂಪಾಯಿ ಅಂದ್ರೆ 64 ಆಣೆ, 6ರಿಂದ ಭಾಗಿಸಿದ್ರೆ 10 ಆಣೆ, ಮತ್ತೆ ಉಳಿದದ್ದು 4. ಆ 4 ಆಣೆ ಅಂದ್ರೆ 48 ಪೈ, 6ರಿಂದ ಭಾಗಿಸಿದ್ರೆ 8 ಪೈ. ಒಟ್ಟು 116 ರೂಪಾಯಿ 10 ಆಣೆ 8 ಪೈ. ಒಂದು ಪೈ ಕೂಡ ಉಳಿಯಲ್ಲ!

ಇಲ್ಲೊಂದು ಹೊಂಡ ಇದೆ, ಗಮನ ಕೊಡಿ. ಕಲ್ದಾರ್‌ನಿಂದ ಹಾಲಿಗೆ ಬರುವಾಗ 6ನೇ ಒಂದು ಭಾಗ ಸೇರಿಸಬೇಕು. ಹಾಲಿಯಿಂದ ಕಲ್ದಾರ್‌ಗೆ ಹೋಗುವಾಗ 7ನೇ ಒಂದು ಭಾಗ ಕಳೀಬೇಕು. ಎರಡೂ ಕಡೆ ಒಂದೇ ಭಾಗ ಅಂದ್ಕೊಂಡವನ ಲೆಕ್ಕ ಕೆಟ್ಟ ಹಾಗೇ.

ಇದಕ್ಕೆ ಹಳೆಯ ಹೆಸರು ತ್ರೈರಾಶಿಕ. ಮೂರು ಸಂಖ್ಯೆ ಗೊತ್ತು, ನಾಲ್ಕನೇದು ಹುಡುಕು. ಸುಮಾರು 850ರಲ್ಲಿ, ಮಳಖೇಡದಿಂದ ಆಳಿದ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರಸಂಗ್ರಹ'ದಲ್ಲಿ ತ್ರೈರಾಶಿಕಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಮಳಖೇಡ ಎಲ್ಲಿದೆ? ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ವ್ಯವಹಾರದ ಗಣಿತ, ಹೆಸರಲ್ಲೇ ಎಲ್ಲಾ ಇದೆ.

ಈಗ ನಮ್ಮ ಮನೆ ಕಥೆ. ಇದಕ್ಕೆ ಕಾಗದ ಇಲ್ಲ, ನಮ್ಮ ಆಯಿ ಹೇಳಿದ್ದು. ನಮ್ಮ ಮುತ್ತಜ್ಜ ಒಬ್ಬ ಸಾಹುಕಾರನ ಹತ್ರ 700 ರೂಪಾಯಿ ಸಾಲ ಮಾಡಿದ್ದ, ಹಾಲಿಯಲ್ಲಿ. ಸಂಸ್ಥಾನ ವಿಲೀನ ಆಯ್ತು. 1950ರ ದಶಕದ ಆರಂಭದಲ್ಲಿ ಎರಡೂ ರೂಪಾಯಿ ಒಟ್ಟಿಗೆ ಓಡಾಡ್ತಿದ್ದವು. ಆಗ ಸಾಹುಕಾರ "ಹಳೇ ಕಾಗದ ಹರಿದೈತಿ, ಹೊಸದು ಬರಿಯೋಣ" ಅಂದ. ಹೊಸ ಕಾಗದದಲ್ಲೂ 700 ರೂಪಾಯಿ. ಸಂಖ್ಯೆ ಅದೇ, ಆದರೆ ಈ ಸಲ ಕಲ್ದಾರ್. ಆಗಬೇಕಾಗಿದ್ದು 600. ಮುತ್ತಜ್ಜ ಹೆಬ್ಬೆಟ್ಟು ಒತ್ತಿದ. ಆ ನೂರು ರೂಪಾಯಿ ತೀರಿಸೋಕೆ ಎರಡು ಸುಗ್ಗಿ ಬೇಕಾಯ್ತಂತೆ. ಆಯಿ ಹೇಳ್ತಿದ್ದ ಮಾತು ಒಂದೇ: "ಅಂವ ಸುಳ್ಳು ಬರೀಲಿಲ್ಲಪಾ, ನಮಗ ಲೆಕ್ಕ ಬರಲಿಲ್ಲ."

ನನಗೆ ಹಾಗೆ ಅನ್ಸಲ್ಲ. ಲೆಕ್ಕ ಬರದವನ ಮುಂದೆ ಬರೀ ಸಂಖ್ಯೆ ಇಟ್ಟು ಸುಮ್ಮನಾಗೋದೂ ಸುಳ್ಳೇ.

ಮುಂದೇನಾಯ್ತು? 1956ರ ನವೆಂಬರ್ 1ಕ್ಕೆ ಜಿಲ್ಲೆ ಮೂರು ಪಾಲಾಯ್ತು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ, ಉದಗೀರ್ ಮುಂಬೈ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ. 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ ಬಂತು, ರೂಪಾಯಿಗೆ 100. ಅಂದ್ರೆ 1 ಆಣೆಗೆ ಆರೂಕಾಲು ಪೈಸೆ! ಕಾಲು ಪೈಸೆ ಎಲ್ಲಿಂದ ತರೋದು? ಅದಕ್ಕೇ 1 ಆಣೆಗೆ 6, 2ಕ್ಕೆ 12, 3ಕ್ಕೆ 19, 4ಕ್ಕೆ 25 ಅಂತ ಕೋಷ್ಟಕ ಮಾಡಿದ್ರು. 1959ಕ್ಕೆ ಹಾಲಿ ಸಿಕ್ಕಾ ಅಧಿಕೃತವಾಗಿ ಮಾಜಿ ಆಯ್ತು. 1942ರಲ್ಲಿ ಆ ದುಡ್ಡನ್ನ ನೋಡ್ಕೊಳ್ಳೋಕೆ ಶುರುವಾದ ಹೈದರಾಬಾದ್ ಸ್ಟೇಟ್ ಬ್ಯಾಂಕೇ ಮುಂದೆ ನಮ್ಮೆಲ್ಲರ ಎಸ್‌ಬಿಎಚ್ ಆಯ್ತು, 2017ರಲ್ಲಿ ಎಸ್‌ಬಿಐನಲ್ಲಿ ಸೇರಿಹೋಯ್ತು.

ಇನ್ನೊಂದು ಮಜಾ ಕೇಳಿ. ಹಾಲಿ ಸತ್ತ ಅದೇ 1959ರಲ್ಲಿ ರಿಸರ್ವ್ ಬ್ಯಾಂಕ್ ಗಲ್ಫ್ ದೇಶಗಳಿಗಾಗಿಯೇ ಬೇರೆ 'ಗಲ್ಫ್ ರೂಪಾಯಿ' ಅಚ್ಚು ಹಾಕಿಸ್ತು. ಆಗ ದುಬೈನಲ್ಲಿ ಓಡ್ತಿದ್ದದ್ದು ನಮ್ಮ ರೂಪಾಯಿ! 1966ರಲ್ಲಿ ಭಾರತ ರೂಪಾಯಿ ಮೌಲ್ಯ ಇಳಿಸಿದ ಮೇಲೆ ಅವರು ಅದನ್ನ ಬಿಟ್ಟರು. ದಿರ್ಹಮ್ ಬಂದದ್ದು 1973ರಲ್ಲಿ.

ಸರಿ, ಆ ಹುಡುಗಿಯ ಪ್ರಶ್ನೆಗೆ ಉತ್ತರ? ಮುಂದಿನ ವಾರ ಮತ್ತೆ ಹೋದೆ. ಈ ಸಲ ದಿರ್ಹಮ್ ಬಿಟ್ಟು ಹಾಲಿ–ಕಲ್ದಾರ್ ಆಡಿಸಿದೆ. ಚೀಟಿಯಲ್ಲಿ ದುಡ್ಡು ಮಾಡಿ, ಒಂದು ಬೆಂಚು ಸೊಲ್ಲಾಪುರ, ಒಂದು ಬೆಂಚು ಕಮಲನಗರ, ನಡುವೆ ಒಬ್ಬ ಸರಾಫ. ಮೂರೇ ನಿಯಮ. ಒಂದು, ಸಂಖ್ಯೆಯ ಪಕ್ಕದಲ್ಲಿ ಯಾವ ದುಡ್ಡು ಅಂತ ಬರೀದೆ ಮುಂದೆ ಹೋಗಬೇಡಿ. ಎರಡು, ಲೆಕ್ಕಕ್ಕೂ ಮೊದಲು ಊಹಿಸಿ: ಬೆಲೆ ಕಡಿಮೆ ಇರೋ ದುಡ್ಡಿಗೆ ಹೋಗ್ತಿದ್ರೆ ಸಂಖ್ಯೆ ದೊಡ್ಡದಾಗಬೇಕು, ಬೆಲೆ ಜಾಸ್ತಿ ಇರೋದಕ್ಕೆ ಹೋಗ್ತಿದ್ರೆ ಚಿಕ್ಕದಾಗಬೇಕು. ಗುಣಾಕಾರವೋ ಭಾಗಾಕಾರವೋ ಅಂತ ಅದೇ ಹೇಳುತ್ತೆ. ಮೂರು, ನಡುವಿನವನು ಎಷ್ಟು ವಟ್ಟ ಹಿಡಿದ ಅಂತ ಕೇಳಿ. ಆಗ ಸರಾಫ, ಈಗ ಆ್ಯಪ್. ಫೀಸ್ ಸೊನ್ನೆ ಅಂತ ಇದ್ರೆ ರೇಟು ನೋಡಿ, ವಟ್ಟ ಅಲ್ಲಿ ಅಡಗಿರಬಹುದು.

ಸರಾಫ ಆಗಿದ್ದ ಹುಡುಗ 700 ಹಾಲಿಗೆ 590 ಕಲ್ದಾರ್ ಕೊಟ್ಟ. ಹಿಂದಿನ ಬೆಂಚಿನ ಅದೇ ಹುಡುಗಿ ಎಣಿಸಿ ನೋಡಿ ಕೇಳಿದಳು, "ಉಳಿದ ಹತ್ತು ಎಲ್ಲಿ?"

ನಮ್ಮ ಮುತ್ತಜ್ಜನ ಪಕ್ಕದಲ್ಲಿ ಆವತ್ತು ಇವಳೊಬ್ಬಳು ಇರಬೇಕಾಗಿತ್ತು ಅನ್ನಿಸ್ತು ನೋಡಿ.

ನಿಮ್ಮ ಮನೆ ಟ್ರಂಕಿನಲ್ಲಿ ಚಾರ್‌ಮಿನಾರ್ ನಾಣ್ಯ ಇದ್ರೆ, ಅದರ ಹಿಂದೆ ಕಥೆ ಇದ್ರೆ, ಒಂದು ವಾಯ್ಸ್ ನೋಟ್ ಕಳಿಸಿ. ಹಿರಿಯರು ಇದ್ದಾಗಲೇ ಕೇಳಿಟ್ಕೊಳ್ಳಿ. ಮುಂದಿನ ವಾರ ಸಿಗೋಣ. ಬರ್ತೀನಿ.