ಅಲಿ ಮತ್ತು ಫ್ರೇಜಿಯರ್: ಎರಡು ಬಾಕ್ಸಿಂಗ್ ವೃತ್ತಿಜೀವನಗಳ ತುಲನೆ

ಮುಹಮ್ಮದ್ ಅಲಿ (1942–2016) ಮತ್ತು ಜೋ ಫ್ರೇಜಿಯರ್ (1944–2011) ಅಮೆರಿಕದ ವೃತ್ತಿಪರ ಬಾಕ್ಸರ್‌ಗಳು. ಇಬ್ಬರೂ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ವೃತ್ತಿ ಬಾಕ್ಸಿಂಗ್‌ಗೆ ಇಳಿದವರು, ಇಬ್ಬರೂ ಹೆವಿವೇಟ್ ವಿಶ್ವ ಚಾಂಪಿಯನ್ ಆದವರು. 1971ರಿಂದ 1975ರೊಳಗೆ ಮೂರು ಬಾರಿ ಸೆಣಸಿದರು. ಮೊದಲನೆಯದನ್ನು ಫ್ರೇಜಿಯರ್, ಉಳಿದೆರಡನ್ನು ಅಲಿ ಗೆದ್ದ. ಗೆಲುವಿನ ಲೆಕ್ಕವನ್ನಷ್ಟೇ ಹಿಡಿದರೆ ಅಲಿಯದೇ ಮೇಲುಗೈ. ಆದರೆ ಯಾರು ಯಾರನ್ನು ಯಾವ ವಯಸ್ಸಿನಲ್ಲಿ, ಯಾವ ಸ್ಥಿತಿಯಲ್ಲಿ ಎದುರಿಸಿದರು ಎಂದು ನೋಡುತ್ತಾ ಹೋದರೆ, ಒಬ್ಬನ ಏಳಿಗೆಯನ್ನು ಇನ್ನೊಬ್ಬನನ್ನು ಬಿಟ್ಟು ಅಳೆಯಲು ಆಗುವುದಿಲ್ಲ.

ಹಿನ್ನೆಲೆ

ಅಲಿ ಹುಟ್ಟಿದ್ದು 1942ರ ಜನವರಿ 17ರಂದು, ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ. ಮೊದಲ ಹೆಸರು ಕ್ಯಾಸಿಯಸ್ ಕ್ಲೇ. ತಂದೆ ಬೋರ್ಡು ಬರೆಯುವ ಪೇಂಟರ್. 12ನೇ ವಯಸ್ಸಿನಲ್ಲಿ ಸೈಕಲ್ ಕಳುವಾಗಿ, ಕದ್ದವನನ್ನು ಹೊಡೆಯುತ್ತೇನೆಂದು ಕೂಗಾಡುತ್ತಿದ್ದ ಹುಡುಗನನ್ನು ಪೊಲೀಸ್ ಅಧಿಕಾರಿ ಜೋ ಮಾರ್ಟಿನ್ ತನ್ನ ಬಾಕ್ಸಿಂಗ್ ಜಿಮ್‌ಗೆ ಕರೆತಂದ.

ಫ್ರೇಜಿಯರ್ ಹುಟ್ಟಿದ್ದು 1944ರ ಜನವರಿ 12ರಂದು, ದಕ್ಷಿಣ ಕ್ಯಾರೊಲಿನಾದ ಬ್ಯೂಫರ್ಟ್ ಬಳಿಯ ಬಡ ಬೇಸಾಯಗಾರರ ದೊಡ್ಡ ಕುಟುಂಬದಲ್ಲಿ. ಚಿಕ್ಕಂದಿನಲ್ಲಿ ಹಂದಿಯೊಂದು ಅಟ್ಟಿಸಿಕೊಂಡು ಬಂದಾಗ ಬಿದ್ದು ಎಡಗೈಗೆ ಪೆಟ್ಟಾಯಿತು. ಚಿಕಿತ್ಸೆಗೆ ಅನುಕೂಲವಿರಲಿಲ್ಲ, ಆ ಕೈ ಮತ್ತೆಂದೂ ಪೂರ್ತಿ ನೆಟ್ಟಗಾಗಲಿಲ್ಲ. ಹೀಗೆ ಬಾಗಿಯೇ ಉಳಿದ ಕೈಯಿಂದಲೇ ಮುಂದೆ ಹೆವಿವೇಟ್ ಚರಿತ್ರೆಯ ಅತಿ ಭಯಂಕರ ಎಡ ಹುಕ್‌ಗಳಲ್ಲಿ ಒಂದು ಹೊರಟಿತು. ಹದಿಹರೆಯದಲ್ಲಿ ಊರು ಬಿಟ್ಟ ಫ್ರೇಜಿಯರ್ ನ್ಯೂಯಾರ್ಕ್ ಸೇರಿ, ಬಳಿಕ ಫಿಲಡೆಲ್ಫಿಯಾದಲ್ಲಿ ನೆಲೆಸಿ ಕಸಾಯಿಖಾನೆಯೊಂದರಲ್ಲಿ ದುಡಿದ. ಅಲ್ಲಿ ತೂಗುಹಾಕಿದ ಮಾಂಸದ ತುಂಡುಗಳಿಗೆ ಗುದ್ದಿ ಅಭ್ಯಾಸ ಮಾಡುತ್ತಿದ್ದ. 1976ರ ‘ರಾಕಿ’ ಚಿತ್ರದಲ್ಲಿ ಇಂಥದೇ ದೃಶ್ಯವಿದೆ. ಮೈತೂಕ ಇಳಿಸಲು ಪೊಲೀಸ್ ಅಥ್ಲೆಟಿಕ್ ಲೀಗ್‌ನ ಜಿಮ್‌ಗೆ ಹೋದವನು ತರಬೇತುದಾರ ಯಾಂಕ್ ಡರ್ಹಮ್‌ನ ಕಣ್ಣಿಗೆ ಬಿದ್ದ.

ಒಲಿಂಪಿಕ್ಸ್

ಕ್ಲೇ 1960ರ ರೋಮ್ ಕ್ರೀಡಾಕೂಟದಲ್ಲಿ, 18ರ ಹರೆಯದಲ್ಲೇ, ಲೈಟ್ ಹೆವಿವೇಟ್ ಚಿನ್ನ ಗೆದ್ದ. ಫೈನಲ್‌ನಲ್ಲಿ ಸೋತವನು ಪೋಲೆಂಡ್‌ನ ಅನುಭವಿ ಜ್ಬಿಗ್ನೀವ್ ಪಿಯೆಟ್ರಿಕೋವ್‌ಸ್ಕಿ. ಫ್ರೇಜಿಯರ್‌ಗೆ ಹಾದಿ ಇಷ್ಟು ಸಲೀಸಾಗಿರಲಿಲ್ಲ. 1964ರ ಆಯ್ಕೆ ಸ್ಪರ್ಧೆಯಲ್ಲಿ ಅವನು ಬಸ್ಟರ್ ಮ್ಯಾಥಿಸ್‌ಗೆ ಸೋತಿದ್ದ. ಮ್ಯಾಥಿಸ್‌ನ ಕೈಗೆ ಗಾಯವಾದ್ದರಿಂದ ಬದಲಿ ಆಟಗಾರನಾಗಿ ಟೋಕಿಯೊಗೆ ಹೋದ. ಸೆಮಿಫೈನಲ್‌ನಲ್ಲಿ ಎಡಗೈ ಹೆಬ್ಬೆರಳು ಮುರಿಯಿತು. ಅದನ್ನು ಯಾರಿಗೂ ಹೇಳದೆ ಫೈನಲ್‌ಗೆ ಇಳಿದು, ಜರ್ಮನಿಯ ಹಾನ್ಸ್ ಹೂಬರ್‌ನನ್ನು 3–2ರ ತೀರ್ಪಿನಲ್ಲಿ ಸೋಲಿಸಿದ.

ಪಟ್ಟದವರೆಗಿನ ಹಾದಿ

ಕ್ಲೇಯ ಮೊದಲ ವೃತ್ತಿ ಪಂದ್ಯ 1960ರ ಅಕ್ಟೋಬರ್ 29ರಂದು ಲೂಯಿವಿಲ್‌ನಲ್ಲೇ ನಡೆಯಿತು. ಊರಿನ ಶ್ರೀಮಂತ ಉದ್ಯಮಿಗಳ ಗುಂಪು ಹಣ ಹೂಡಿತು. ಮಯಾಮಿಯಲ್ಲಿ ಏಂಜೆಲೊ ಡಂಡೀ ತರಬೇತಿ ಕೊಟ್ಟ. 1964ರ ಫೆಬ್ರುವರಿ 25ರಂದು, ಕ್ಲೇಯ 20ನೇ ಪಂದ್ಯದಲ್ಲಿ, ಯಾರೂ ಗೆಲ್ಲಲಾರರೆಂದು ನಂಬಲಾಗಿದ್ದ ಚಾಂಪಿಯನ್ ಸನ್ನಿ ಲಿಸ್ಟನ್ ಏಳನೇ ಸುತ್ತಿಗೆ ಸ್ಟೂಲಿನಿಂದ ಏಳಲಿಲ್ಲ. ವೃತ್ತಿಗಿಳಿದ ಮೂರು ವರ್ಷ ನಾಲ್ಕು ತಿಂಗಳಲ್ಲಿ, 22ನೇ ವಯಸ್ಸಿನಲ್ಲಿ ಕ್ಲೇ ಚಾಂಪಿಯನ್ ಆದ. ಬೆನ್ನಿಗೇ ನೇಷನ್ ಆಫ್ ಇಸ್ಲಾಂ ಸಂಘಟನೆಯ ಸದಸ್ಯತ್ವವನ್ನು ಬಹಿರಂಗಪಡಿಸಿ ಮುಹಮ್ಮದ್ ಅಲಿ ಎಂಬ ಹೆಸರು ಪಡೆದ. 1967ರ ಮಾರ್ಚ್‌ವರೆಗೆ ಒಂಬತ್ತು ಬಾರಿ ಪಟ್ಟ ಉಳಿಸಿಕೊಂಡ.

ಫ್ರೇಜಿಯರ್ 1965ರ ಆಗಸ್ಟ್ 16ರಂದು ವೃತ್ತಿಗೆ ಇಳಿದ. ಫಿಲಡೆಲ್ಫಿಯಾದ ಹೂಡಿಕೆದಾರರು ಸೇರಿ ‘ಕ್ಲೋವರ್‌ಲೇ’ ಎಂಬ ಸಂಸ್ಥೆ ಕಟ್ಟಿ ಅವನ ಬೆನ್ನಿಗೆ ನಿಂತರು. ಡರ್ಹಮ್ ಜೊತೆಗೆ ಎಡ್ಡಿ ಫುಚ್ ಕೂಡ ಮಾರ್ಗದರ್ಶಕನಾದ. ತಲೆ ತಗ್ಗಿಸಿ, ಸೊಂಟದಿಂದ ಮೇಲೆ ಎಡಬಲಕ್ಕೆ ತೂಗಾಡುತ್ತಾ ಎದುರಾಳಿಯ ಎದೆಯವರೆಗೂ ನುಗ್ಗಿ ಹುಕ್ ಬೀಸುವುದು ಅವನ ಪಟ್ಟು. ಅಲಿಯ ಎತ್ತರ 191 ಸೆಂ.ಮೀ., ಫ್ರೇಜಿಯರ್‌ನದು 182 ಸೆಂ.ಮೀ.; ಕೈಚಾಚಿನಲ್ಲೂ ಅಲಿಯೇ ಮುಂದು. ದೂರ ನಿಂತು ಜ್ಯಾಬ್ ಮಾಡುವವರ ಎದುರು ಕುಳ್ಳನೊಬ್ಬ ಉಳಿಯಬೇಕಾದರೆ ಹತ್ತಿರ ನುಗ್ಗದೆ ಬೇರೆ ದಾರಿಯಿರಲಿಲ್ಲ. ಹಾಗೆ ನುಗ್ಗುವಾಗ ತಾನೂ ಏಟು ತಿನ್ನಲೇಬೇಕು. ಅವನ ವೃತ್ತಿಜೀವನ ಗಿಡ್ಡದಾಗಲು ಇದೂ ಒಂದು ಕಾರಣ.

ನಿಷೇಧದ ವರ್ಷಗಳು

ವಿಯೆಟ್ನಾಂ ಯುದ್ಧಕ್ಕಾಗಿ ಸೇನೆಗೆ ಸೇರಲು 1967ರ ಏಪ್ರಿಲ್ 28ರಂದು ಹ್ಯೂಸ್ಟನ್‌ನಲ್ಲಿ ಅಲಿ ನಿರಾಕರಿಸಿದ. ಲೈಸೆನ್ಸ್ ರದ್ದಾಯಿತು, ಪಟ್ಟ ಹೋಯಿತು. ನ್ಯಾಯಾಲಯ ಐದು ವರ್ಷ ಸೆರೆವಾಸ, 10,000 ಡಾಲರ್ ದಂಡ ವಿಧಿಸಿತು. ಮೇಲ್ಮನವಿಯಿಂದಾಗಿ ಜೈಲಿಗೆ ಹೋಗದಿದ್ದರೂ ಮೂರೂವರೆ ವರ್ಷ ರಿಂಗ್ ಕಾಣಲಿಲ್ಲ. 25ರಿಂದ 28ರ ವಯಸ್ಸು ಹೆವಿವೇಟ್ ಬಾಕ್ಸರ್‌ನ ಬಾಳಿನ ಹೊನ್ನಿನಂಥ ಕಾಲ. ಅಲಿಯ ಲೆಕ್ಕದಲ್ಲಿ ಆ ಪುಟಗಳು ಖಾಲಿ.

ಫ್ರೇಜಿಯರ್ ಮೇಲೇರಿದ್ದು ಇದೇ ಅವಧಿಯಲ್ಲಿ. ತೆರವಾದ ಪಟ್ಟಕ್ಕಾಗಿ ವಿಶ್ವ ಬಾಕ್ಸಿಂಗ್ ಸಂಸ್ಥೆ ನಡೆಸಿದ ಟೂರ್ನಿಯಲ್ಲಿ ಅವನು ಆಡಲಿಲ್ಲ. 1968ರ ಮಾರ್ಚ್ 4ರಂದು ಹಳೆಯ ಎದುರಾಳಿ ಮ್ಯಾಥಿಸ್‌ನನ್ನು 11ನೇ ಸುತ್ತಿನಲ್ಲಿ ಕೆಡವಿ ನ್ಯೂಯಾರ್ಕ್ ರಾಜ್ಯ ಮಾನ್ಯ ಮಾಡಿದ ಪಟ್ಟ ಪಡೆದ. 1970ರ ಫೆಬ್ರುವರಿ 16ರಂದು, ಟೂರ್ನಿಯ ವಿಜೇತ ಜಿಮ್ಮಿ ಎಲಿಸ್‌ನನ್ನು ಸೋಲಿಸಿ ನಿರ್ವಿವಾದ ಚಾಂಪಿಯನ್ ಆದ. ಇದಕ್ಕೆ ಅವನಿಗೆ ನಾಲ್ಕೂವರೆ ವರ್ಷ, 25 ಪಂದ್ಯಗಳು ಹಿಡಿದವು. ಆದರೂ ಅಲಿ ಸೋಲದೆ ಹೊರಗುಳಿದಿರುವಷ್ಟು ದಿನ ಈ ಪಟ್ಟಕ್ಕೆ ಪೂರ್ಣ ಮನ್ನಣೆ ಸಿಗುವುದಿಲ್ಲವೆಂದು ಫ್ರೇಜಿಯರ್‌ಗೆ ಗೊತ್ತಿತ್ತು. ಅಲಿಗೆ ಲೈಸೆನ್ಸ್ ಮರಳಿ ಸಿಗಬೇಕೆಂದು ಅವನು ಬಹಿರಂಗವಾಗಿ ಒತ್ತಾಯಿಸಿದ, ಕೈಸಾಲವನ್ನೂ ಕೊಟ್ಟ.

ಮೂರು ಪಂದ್ಯಗಳು

1970ರ ಅಕ್ಟೋಬರ್‌ನಲ್ಲಿ ಅಟ್ಲಾಂಟಾದಲ್ಲಿ ಜೆರಿ ಕ್ವಾರಿಯನ್ನು ಸೋಲಿಸಿ ಅಲಿ ಮರಳಿದ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮೊದಲ ಮುಖಾಮುಖಿ ನಡೆಯಿತು. ಅಲಿ 31 ಪಂದ್ಯಗಳಲ್ಲಿ, ಫ್ರೇಜಿಯರ್ 26ರಲ್ಲಿ ಅಜೇಯ. ತಲಾ 25 ಲಕ್ಷ ಡಾಲರ್ ಸಂಭಾವನೆ ಅಂದಿಗೆ ಕೇಳರಿಯದ ಮೊತ್ತ. 15ನೇ ಸುತ್ತಿನ ಆರಂಭದಲ್ಲೇ ಫ್ರೇಜಿಯರ್ ಬಹಳ ಕೆಳಗಿನಿಂದ ಎತ್ತಿ ಬೀಸಿದ ಎಡ ಹುಕ್ ಅಲಿಯ ದವಡೆಗೆ ಬಿತ್ತು. ಅಲಿ ಬೆನ್ನಡಿಯಾಗಿ ನೆಲಕ್ಕೆ ಬಿದ್ದ. ಕ್ಷಣಾರ್ಧದಲ್ಲಿ ಎದ್ದು ನಿಂತು ಸುತ್ತು ಮುಗಿಸಿದ. ರೆಫರಿ ಹಾಗೂ ಇಬ್ಬರು ತೀರ್ಪುಗಾರರು ಒಮ್ಮತದಿಂದ ಫ್ರೇಜಿಯರ್‌ನ ಪರ ತೀರ್ಪಿತ್ತರು. ಅದೇ ವರ್ಷ ಜೂನ್ 28ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅಲಿಯ ಶಿಕ್ಷೆಯನ್ನು ರದ್ದುಪಡಿಸಿತು.

1974ರ ಜನವರಿ 28ರ ಎರಡನೇ ಪಂದ್ಯದ ವೇಳೆಗೆ ಇಬ್ಬರ ಬಳಿಯೂ ಪಟ್ಟವಿರಲಿಲ್ಲ. ಹಿಂದಿನ ವರ್ಷ ಕಿಂಗ್‌ಸ್ಟನ್‌ನಲ್ಲಿ ಜಾರ್ಜ್ ಫೋರ್ಮನ್ ಎರಡು ಸುತ್ತುಗಳಲ್ಲಿ ಆರು ಬಾರಿ ಫ್ರೇಜಿಯರ್‌ನನ್ನು ಕೆಡವಿ ಪಟ್ಟ ಕಿತ್ತುಕೊಂಡಿದ್ದ. ಅಲಿಯ ದವಡೆಯನ್ನು ಕೆನ್ ನಾರ್ಟನ್ ಮುರಿದಿದ್ದ. 12 ಸುತ್ತುಗಳ ಈ ಪಂದ್ಯದಲ್ಲಿ, ಹತ್ತಿರ ಬಂದಾಗಲೆಲ್ಲ ಫ್ರೇಜಿಯರ್‌ನ ಕುತ್ತಿಗೆ ಹಿಡಿದು ತಡೆದ ಅಲಿ ಅಂಕಗಳ ಮೇಲೆ ಗೆದ್ದ. ಒಂಬತ್ತು ತಿಂಗಳ ನಂತರ, ಅಕ್ಟೋಬರ್ 30ರಂದು, ಜೈರ್ ದೇಶದ ಕಿನ್ಶಾಸಾದಲ್ಲಿ ಫೋರ್ಮನ್‌ನನ್ನು ಎಂಟನೇ ಸುತ್ತಿನಲ್ಲಿ ನಾಕೌಟ್ ಮಾಡಿ ಪಟ್ಟ ಮರಳಿ ಪಡೆದ.

ಮೂರನೆಯದು 1975ರ ಅಕ್ಟೋಬರ್ 1ರಂದು, ಫಿಲಿಪ್ಪೀನ್ಸ್‌ನ ಮನಿಲಾ ಮಗ್ಗುಲಿನ ಕೆಸೋನ್ ಸಿಟಿಯಲ್ಲಿ. ಅಮೆರಿಕದ ಪ್ರೇಕ್ಷಕರಿಗೆ ಅನುಕೂಲವಾಗಲೆಂದು ಬೆಳಿಗ್ಗೆಯೇ ನಡೆದ ಪಂದ್ಯದಲ್ಲಿ ಸೆಕೆ ಸಹಿಸಲಾಗದಂತಿತ್ತು. ಮೊದಲ ಸುತ್ತುಗಳು ಅಲಿಯ ಪಾಲಾದವು, ನಡುವಿನಲ್ಲಿ ಫ್ರೇಜಿಯರ್ ಮೇಲುಗೈ ಸಾಧಿಸಿದ, ಕೊನೆಗೆ ಅಲಿ ಮತ್ತೆ ಹಿಡಿತ ಪಡೆದ. 14ನೇ ಸುತ್ತು ಮುಗಿದಾಗ ಫ್ರೇಜಿಯರ್‌ನ ಒಂದು ಕಣ್ಣು ಊದಿ ಮುಚ್ಚಿತ್ತು. ಇನ್ನೊಂದರ ದೃಷ್ಟಿ ಮೊದಲಿನಿಂದಲೂ ಮಂದ. ಬರುವ ಗುದ್ದು ಅವನಿಗೆ ಕಾಣುತ್ತಿರಲಿಲ್ಲ. ಮೂರೂ ಸ್ಕೋರ್‌ಕಾರ್ಡ್‌ಗಳಲ್ಲಿ ಅಲಿ ಮುಂದಿದ್ದ. ರಿಂಗಿನಲ್ಲಿ ಬಾಕ್ಸರ್‌ಗಳು ಪ್ರಾಣ ಕಳೆದುಕೊಂಡದ್ದನ್ನು ಕಂಡಿದ್ದ ಫುಚ್, ಫ್ರೇಜಿಯರ್ ಬೇಡವೆಂದರೂ ಪಂದ್ಯ ನಿಲ್ಲಿಸಿದ. ಈ ತೀರ್ಮಾನ ಬಾಕ್ಸಿಂಗ್ ತರಬೇತುದಾರರಿಗೆ ಇಂದಿಗೂ ಮೇಲ್ಪಂಕ್ತಿ. ಗೆದ್ದ ಅಲಿಯೂ ಸಾವಿನ ಹತ್ತಿರ ಹೋಗಿಬಂದಂತಾಯಿತು ಎಂದು ಹೇಳಿಕೊಂಡ.

ಇಳಿಗಾಲ

ಫ್ರೇಜಿಯರ್ 1976ರ ಜೂನ್‌ನಲ್ಲಿ ಫೋರ್ಮನ್‌ಗೆ ಮತ್ತೆ ಸೋತು ನಿವೃತ್ತನಾದ. 1981ರ ಡಿಸೆಂಬರ್‌ನಲ್ಲಿ ಒಮ್ಮೆ ಮಾತ್ರ ಮರಳಿ ಡ್ರಾ ಮಾಡಿಕೊಂಡ. ಅಲಿ 1978ರ ಫೆಬ್ರುವರಿಯಲ್ಲಿ ಲಿಯೋನ್ ಸ್ಪಿಂಕ್ಸ್‌ಗೆ ಪಟ್ಟ ಬಿಟ್ಟುಕೊಟ್ಟು, ಸೆಪ್ಟೆಂಬರ್‌ನಲ್ಲಿ ಮರಳಿ ಗಳಿಸಿ ಮೂರನೇ ಬಾರಿ ಚಾಂಪಿಯನ್ ಆದ. ಅಲ್ಲಿಗೇ ನಿಲ್ಲಿಸದೆ 1980ರಲ್ಲಿ ಲ್ಯಾರಿ ಹೋಮ್ಸ್‌ಗೆ, 1981ರಲ್ಲಿ ಟ್ರೆವರ್ ಬರ್ಬಿಕ್‌ಗೆ ಸೋತ. 1984ರಲ್ಲಿ ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇರುವುದು ಬಹಿರಂಗವಾಯಿತು.

ಸಾಧನೆಯ ಲೆಕ್ಕ

ಅಲಿ: ಪಂದ್ಯಗಳು 61, ಗೆಲುವು 56, ನಾಕೌಟ್ ಗೆಲುವು 37, ಸೋಲು 5.
ಫ್ರೇಜಿಯರ್: ಪಂದ್ಯಗಳು 37, ಗೆಲುವು 32, ನಾಕೌಟ್ ಗೆಲುವು 27, ಸೋಲು 4, ಡ್ರಾ 1.

ಅಲಿಯ ಐದು ಸೋಲುಗಳಲ್ಲಿ ಮೂರು ಬಂದದ್ದು ಕೊನೆಯ ನಾಲ್ಕು ಪಂದ್ಯಗಳಲ್ಲಿ, ನಿವೃತ್ತನಾಗಬೇಕಿದ್ದ ವಯಸ್ಸಿನಲ್ಲಿ. ಫ್ರೇಜಿಯರ್‌ನ ನಾಲ್ಕೂ ಸೋಲುಗಳಿಗೆ ಕಾರಣರು ಇಬ್ಬರೇ: ಅಲಿ ಮತ್ತು ಫೋರ್ಮನ್. ಬೇರಾರೂ ಅವನನ್ನು ಸೋಲಿಸಲಿಲ್ಲ. ಗೆಲುವುಗಳಲ್ಲಿ ನಾಕೌಟ್‌ನ ಪಾಲು ಫ್ರೇಜಿಯರ್‌ನದೇ ಹೆಚ್ಚು. ದೀರ್ಘಕಾಲ ಬಾಳಿದ್ದು, ಹಲವು ಬಗೆಯ ಎದುರಾಳಿಗಳಿಗೆ ತಕ್ಕಂತೆ ಆಟ ಬದಲಿಸಿಕೊಂಡದ್ದು ಅಲಿಯ ಹಿರಿಮೆ.

ಮೌಲ್ಯಮಾಪನ

ಜನಮನ್ನಣೆಯಲ್ಲಿ ಇಬ್ಬರಿಗೂ ಸಮಪಾಲು ಸಿಗಲಿಲ್ಲ. ಪಂದ್ಯಗಳ ಪ್ರಚಾರದಲ್ಲಿ ಅಲಿ ಫ್ರೇಜಿಯರ್‌ನನ್ನು ಗೊರಿಲ್ಲಾ ಎಂದೂ ಬಿಳಿಯರ ಗುಲಾಮನೆಂದೂ ಹೀಯಾಳಿಸಿದ. ಕಷ್ಟಕಾಲದಲ್ಲಿ ನೆರವಾದವನಿಗೆ, ಹೊಲದಲ್ಲಿ ದುಡಿದು ಬಂದ ಕರಿಯ ಬಾಕ್ಸರ್‌ಗೆ ಇದು ಮಾಡಿದ ದೊಡ್ಡ ಅನ್ಯಾಯ. ಅಲಿ 2001ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಮೂಲಕ ಕ್ಷಮೆ ಕೇಳಿದ. ಫ್ರೇಜಿಯರ್‌ನ ಪ್ರತಿಮೆ ಫಿಲಡೆಲ್ಫಿಯಾದಲ್ಲಿ ನಿಂತದ್ದು ಅವನು ಸತ್ತ ನಾಲ್ಕು ವರ್ಷಗಳ ಮೇಲೆ, 2015ರಲ್ಲಿ. ಅದೇ ನಗರದಲ್ಲಿ ಸಿನಿಮಾ ಪಾತ್ರ ರಾಕಿಯ ಪ್ರತಿಮೆ ದಶಕಗಳ ಹಿಂದೆಯೇ ಇತ್ತು.

ಇಬ್ಬರಲ್ಲಿ ಶ್ರೇಷ್ಠ ಯಾರೆಂಬ ಪ್ರಶ್ನೆಗೆ ಬಹುಪಾಲು ವಿಮರ್ಶಕರ ಉತ್ತರ ಅಲಿ; ದಾಖಲೆಗಳೂ ಅದನ್ನು ಬೆಂಬಲಿಸುತ್ತವೆ. ಆದರೆ ಅಲಿಯ ವೇಗ ಕುಂದಿದ ಮೇಲೂ ಅವನಲ್ಲಿ ಏಟು ತಾಳಿಕೊಳ್ಳುವ ಛಲ ಎಷ್ಟಿತ್ತೆಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಫ್ರೇಜಿಯರ್ ವಿರುದ್ಧದ 41 ಸುತ್ತುಗಳು. ಫ್ರೇಜಿಯರ್‌ನ ಪಟ್ಟಕ್ಕೆ ಪೂರ್ಣ ಮನ್ನಣೆ ಬಂದದ್ದು ಅಲಿಯನ್ನು ಸೋಲಿಸಿದ ಮೇಲೆ. ಹೆವಿವೇಟ್ ಬಾಕ್ಸಿಂಗ್‌ನ ಚರಿತ್ರೆ ಬರೆಯುವವರು ಅಲಿಯ ಪಕ್ಕದಲ್ಲಿ ಫ್ರೇಜಿಯರ್‌ಗೂ ಜಾಗ ಕೊಡಲೇಬೇಕು. ಅದು ಅವನು ತನ್ನ ಎಡಗೈಯಿಂದ ಗಳಿಸಿಕೊಂಡ ಹಕ್ಕು.