ವಿಶಿ ಮಣಿಕಟ್ಟು | ಭಾಗ 4

ಬಳ್ಳಾರಿ, ಸಿರುಗುಪ್ಪ, ಕುರುಗೋಡಲ್ಲಿ ಟೆನಿಸ್ ಬಾಲ್ ಆಡೋರಿಗೆ ಗೊತ್ತಿರೋದೇ: ಎದ್ದ ಚೆಂಡಿಗೆ ಅಡ್ಡ ಬ್ಯಾಟ್ ಬೀಸಿದ್ರೆ ಪಾಯಿಂಟ್‌ನಲ್ಲಿ ಕ್ಯಾಚ್.

ಬೇಸ್‌ಬಾಲ್‌ನಲ್ಲೂ ಬ್ಯಾಟ್ ಅಡ್ಡಾನೇ ಬೀಸ್ತಾರೆ. ಆದ್ರೆ ಅಲ್ಲಿ ಚೆಂಡು ತಾಗೋವಾಗಲೇ ಮಣಿಕಟ್ಟು ಮಗುಚಿದ್ರೆ ತಪ್ಪು. ಚೆಂಡು ನೆಲದ ಮೇಲೆ ಉರುಳುತ್ತೆ, ಫೀಲ್ಡರ್ ಎತ್ತಿ ಫಸ್ಟ್ ಬೇಸ್‌ಗೆ ಎಸೆದ್ರೆ ಔಟ್. ಕ್ರಿಕೆಟ್‌ನ ಸ್ಕ್ವೇರ್ ಕಟ್‌ನಲ್ಲಿ ಅದೇ ತಪ್ಪು ಜೀವ ಉಳಿಸುತ್ತೆ!

ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕಟ್ ನೋಡ್ರಿ. ಕೈ ಎತ್ತರಕ್ಕೆ, ಬಲಗಾಲು ಆಫ್ ಸ್ಟಂಪ್ ಕಡೆ, ಆಮೇಲೆ ಚೆಂಡಿನ ಮೇಲೆ ಮಣಿಕಟ್ಟು ಮಗುಚಿ ನೆಲಕ್ಕೆ.

1975ರ ಜನವರಿ, ಚೆಪಾಕ್. ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ರು. ಭಾರತ 190ಕ್ಕೆ ಆಲೌಟ್, ಅದ್ರಲ್ಲಿ ವಿಶಿ ಒಬ್ಬರದ್ದೇ ಅಜೇಯ 97. ಅವರ 14 ಟೆಸ್ಟ್ ಶತಕಕ್ಕಿಂತ ನನಗಂತೂ ಇದೇ ದೊಡ್ಡದು. ಇನ್ನು ಮೂರೇ ರನ್ ಬೇಕಿತ್ತು, ಜೊತೆಗೆ ನಿಲ್ಲೋರೇ ಉಳೀಲಿಲ್ಲ. ಮ್ಯಾಚ್ ಮಾತ್ರ 100 ರನ್‌ಗಳಿಂದ ಗೆದ್ವಿ.